ಹಾಯಿಕಂಬದ ಬುಡದಲ್ಲಿ ಒಂದು ಪಂಚಾಯ್ತಿ

ಸತ್ತಿಯಿಂದ ಹೊರಟಾಗ

ಗ್ರೀಸ್ ದೇಶಕ್ಕೆ ಹೋಗಿ ಬಂದವಳು ಎಂದು ನಮ್ಮ ಸತ್ತಿ ಊರಲ್ಲಿ ಈಗ ನನಗೊಂದು ಹೆಸರು ಬಂದಿದೆ. ಏನೇನು ನೋಡಿದಿ ಹೇಳು ಎಂದು ಹೆಂಗಸರು ಸುತ್ತ ಕೂರುತ್ತಾರೆ. ಹಳೆಯ ಗುಡಿ ನೋಡಿದಿರಾ, ಕಲ್ಲಿನ ಮೂರ್ತಿ ನೋಡಿದಿರಾ ಎಂದು ಶಾಲೆಯ ಮಾಸ್ತರರು ಕೇಳುತ್ತಾರೆ. ನಾನು ನೋಡಿದ್ದು ಒಂದು ಕಂಬ. ಮೇಲೆ ನಿಂತು ನೋಡಿದೆ, ಕೆಳಗೆ ಅಂಗಾತ ಮಲಗಿ ನೋಡಿದೆ, ಬ್ಯಾಟರಿ ಹಿಡಿದು ನೋಡಿದೆ. ಬೇರೆ ಏನನ್ನಾದರೂ ನೋಡಲು ಆ ಕಂಬ ನನ್ನನ್ನು ಬಿಡಲಿಲ್ಲ.

ಹೋಗಿದ್ದು ಕಂಬಕ್ಕಲ್ಲ, ಪಂಚಾಯ್ತಿಗೆ. ನನ್ನ ತಮ್ಮ ಮಹಾದೇವ ನನ್ನ ತವರೂರು ದಿಗ್ಗೇವಾಡಿಯ ಹುಡುಗ. ಚಿಕ್ಕೋಡಿಯಲ್ಲಿ ಫಿಟರ್ ಕೆಲಸ ಕಲಿತು ಸರಕು ಹಡಗಿನ ಇಂಜಿನ್ ರೂಮು ಸೇರಿದ. ಹಡಗು ರಿಪೇರಿಗೆ ಗ್ರೀಸಿನಲ್ಲಿ ನಿಂತಾಗ ಎಲೇನಿ ಎಂಬವಳನ್ನು ಮೆಚ್ಚಿ ಮದುವೆಯಾಗಿ ಅಲ್ಲೇ ಉಳಿದ. ಈಗ ಒಂದು ದ್ವೀಪದ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಗಂಡ ಹೆಂಡತಿ ಇಬ್ಬರೂ ಇರುವುದು ಮನೆಯಲ್ಲಲ್ಲ, ಒಂದು ಹಳೆಯ ಹಾಯಿದೋಣಿಯಲ್ಲಿ. ಅಂದರೆ ಇಬ್ಬರೂ ಇದ್ದರು. ಹೋದ ಚಳಿಗಾಲದ ಮಳೆಯಲ್ಲಿ ಎಲೇನಿ ಬಟ್ಟೆ ಕಟ್ಟಿಕೊಂಡು ಅದೇ ಊರಿನ ಚಿಕ್ಕಮ್ಮನ ಮನೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಈ ತಿಂಗಳು ಮುಗಿದರೆ ಅಥೆನ್ಸಿಗೆ ಹೋಗಿ ಕೆಲಸ ಹಿಡಿಯುತ್ತೇನೆ, ಆಮೇಲೆ ನಿನ್ನ ದಾರಿ ನಿನಗೆ ಎಂದಿದ್ದಳಂತೆ.

ನಮ್ಮ ಕಡೆ ಇಂಥದ್ದಾದರೆ ಹಿರಿಯರು ಹೋಗಿ ಕೂರಬೇಕು. ಅಪ್ಪ ಅವ್ವ ಇಬ್ಬರೂ ಈಗಿಲ್ಲ, ಹಿರಿಯಳೆಂದರೆ ನಾನೇ. ನಮ್ಮ ಮನೆಯವರು ದ್ರಾಕ್ಷಿಗೆ ಔಷಧ ಹೊಡೆಯುವ ಯಂತ್ರ ತೊಳೆಯುತ್ತ, "ಚಾಟ್ನಿ ಚಾಲೂ ಆಗೂದ್ರಾಗ ಬಂದಬಿಡಬೇಕು ಮತ್ತ" ಎಂದರು. ಚಾಟ್ನಿ ಎಂದರೆ ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಕೆಲಸ. ಆಗ ಮನೆಯಲ್ಲಿ ಒಂದು ಆಳು ಕಡಿಮೆಯಾದರೂ ನಡೆಯುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಲೇನಿಗೆ ಉಡಿ ತುಂಬಲು ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮದ ಪೊಟ್ಟಣ ಎಲ್ಲ ತುಂಬಿಕೊಂಡು ಹೊರಟೆ. ಅವರಿಬ್ಬರನ್ನು ಒಂದೇ ಸೂರಿನ ಕೆಳಗೆ ಕೂಡಿಸದೆ ಸತ್ತಿಗೆ ಕಾಲಿಡುವುದಿಲ್ಲ ಎಂದು ಹೊಸ್ತಿಲ ಮೇಲೆ ನಿಂತೇ ಹೇಳಿದೆ. ಮನೆಯವರು ಆಗಲಿ ಎಂದು ತಲೆಯಾಡಿಸಿ ಯಂತ್ರ ತೊಳೆಯುವುದನ್ನು ಮುಂದುವರಿಸಿದರು.

ದೊಡ್ಡ ಹಡಗಿನ ಮೇಲೆ

ಅಥೆನ್ಸಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಪೊಟ್ಟಣಗಳನ್ನು ಬಿಚ್ಚಿಸಿದ. ಹಳದಿ ಪುಡಿ, ಕೆಂಪು ಪುಡಿ. ಏನಿದು ಎಂದ. ಬಿ.ಎ. ಓದಿದ ಇಂಗ್ಲಿಷು ಆ ಹೊತ್ತಿಗೆ ಗಂಟಲಲ್ಲೇ ಕುಳಿತುಬಿಟ್ಟಿತು. ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡು ತೋರಿಸಿದೆ. ಅವನು ನಕ್ಕು ತನ್ನ ಹಣೆಯನ್ನೂ ಮುಂದೆ ಮಾಡಿದ. ಹಚ್ಚಿದೆ. ಬಿಟ್ಟ.

ದ್ವೀಪಕ್ಕೆ ಹೋಗುವ ಹಡಗು ನಮ್ಮ ಸಕ್ಕರೆ ಕಾರ್ಖಾನೆಯಷ್ಟು ದೊಡ್ಡದು. ಹೊಟ್ಟೆಯೊಳಗೆ ಲಾರಿಗಳನ್ನೂ ತುಂಬಿಕೊಳ್ಳುತ್ತದೆ. ದಡ ಬಿಡುವಾಗ ಕಪ್ಪು ಬಟ್ಟೆಯ ಮುದುಕಿಯರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಕೃಷ್ಣೆಯ ಸೇತುವೆ ದಾಟುವಾಗ ನಾವು ನಾಣ್ಯ ಎಸೆದು ಕೈಮುಗಿಯುವುದಿಲ್ಲವೇ, ಹಾಗೆ. ನಾನೂ ಒಂದು ನಾಣ್ಯ ಎಸೆದೆ. ಪಕ್ಕದ ಮುದುಕಿ, ಪಾಪ ಕೈಯಿಂದ ಜಾರಿತು ಎಂದುಕೊಂಡು ಲೊಚಗುಟ್ಟಿ ನನ್ನ ಬೆನ್ನು ಸವರಿದಳು. ಅಲ್ಲಿಯ ಜನ ಇಲ್ಲ ಎನ್ನುವುದಕ್ಕೂ ತಲೆ ಮೇಲೆತ್ತಿ "ಚ್" ಎನ್ನುತ್ತಾರೆ. ನಮ್ಮಲ್ಲೂ ಅಷ್ಟೇ ಅಲ್ಲವೇ? ಆ ಒಂದು ಸದ್ದು ನನಗೆ ದ್ವೀಪದ ಅರ್ಧ ಭಾಷೆ ಕಲಿಸಿತು.

ಬಂದರು, ಮೊದಲ ಮುಂಜಾನೆ

ಮಹಾದೇವ ದಡದಲ್ಲಿ ನಿಂತಿದ್ದ. ತೆಳ್ಳಗಾಗಿದ್ದ. ದೋಣಿಯನ್ನು ಮಾತ್ರ ಮದುವೆ ಮನೆಯಂತೆ ಉಜ್ಜಿ ಬೆಳ್ಳಗೆ ಮಾಡಿದ್ದ. ಒಳಗೆ ಇಳಿದರೆ ನಮ್ಮ ಟ್ರ್ಯಾಕ್ಟರಿನ ಟ್ರೇಲರಿನಷ್ಟು ಜಾಗ. ಅದರಲ್ಲೇ ಒಲೆ, ಮೇಜು, ಹಾಸಿಗೆ. ನಡುವೆ ಒಂದು ಅಲ್ಯುಮಿನಿಯಂ ಕಂಬ. ನಮ್ಮ ಪಡಸಾಲೆಯ ಕಂಬ ಮಾಳಿಗೆಯನ್ನು ಹೊತ್ತು ನಿಲ್ಲುತ್ತದೆ. ಈ ಕಂಬ ದೋಣಿಯ ತಳದಲ್ಲಿ ನಿಂತು, ಮಾಳಿಗೆಯನ್ನು ತೂತು ಮಾಡಿಕೊಂಡು, ಹಾಯಿ ಹಿಡಿಯಲು ಆಕಾಶಕ್ಕೆ ಹೋಗುತ್ತದೆ. ಯಾರು ಕಟ್ಟಿದರೋ ಈ ಮನೆಯನ್ನು ಎಂದು ಅಂದುಕೊಂಡೆ.

ಮರುದಿನ ಮುಂಜಾನೆ ಅವನು ಮೇಲೆ ಪೈಪು ಹಿಡಿದು ಮಾಳಿಗೆ ತೊಳೆಯುತ್ತಿದ್ದ. ಉಪ್ಪು ಕೂರದಂತೆ ಅಲ್ಲಿ ದಿನಾ ತೊಳೆಯುತ್ತಾರೆ. ನಾನು ಚಹಾದ ಜೊತೆಗೆಂದು ರೊಟ್ಟಿಯ ಗಂಟು ಬಿಚ್ಚಿದರೆ, ಕಡಕ್ ರೊಟ್ಟಿ ಹಸಿ ಹಿಟ್ಟಾಗಿತ್ತು. ಹಾಸಿಗೆಯ ಕಾಲ ಬದಿಯಲ್ಲಿ ಗಂಟು ಇಟ್ಟಿದ್ದೆ. ತಲೆಯೆತ್ತಿ ನೋಡಿದೆ. ಕಂಬ ಮಾಳಿಗೆಯನ್ನು ತೂರುವ ಜಾಗದಲ್ಲಿ ಒಂದು ಹನಿ ದಪ್ಪಗಾಗುತ್ತ, ನನ್ನನ್ನೇ ನೋಡುತ್ತ ತೂಗುತ್ತಿತ್ತು. ಬಿತ್ತು. ಅದರ ಹಿಂದೆ ಇನ್ನೊಂದು.

"ಮಾದೇವಾ, ಇದೇನಲೇ?"

ಅವನು ಮೇಲಿನಿಂದ ಬಗ್ಗಿ ನೋಡಿದ. "ಏನಿಲ್ಲ ಬಿಡಬೇ ಅಕ್ಕಾ. ಅದು ಉಸಿರಿನ ಪಸಿ. ದೋಣಿ ಒಳಗ ಹಿಂಗ ಬೆವರತೈತಿ."

"ಬೆವರು ಇಷ್ಟ ದಪ್ಪ ಹನಿ ಬೀಳತೈತೇನ? ರೊಟ್ಟಿ ತೋಯ್ದು ಲಟಪಟ ಆಗ್ಯಾವ."

"ಏನಿಲ್ಲಂದ್ನೆಲ್ಲ. ರೊಟ್ಟಿ ಈ ಕಡೆ ಇಡು."

ಹನಿಯನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿದೆ. ಹೊಳೆಸಾಲಿನ ನಮ್ಮ ಹೊಲಕ್ಕೆ ಸವಳು ಏರುತ್ತದೆ, ಅಂದರೆ ಉಪ್ಪು. ಎಷ್ಟು ಏರಿದೆ ಎಂದು ಮಣ್ಣು ನೀರು ನೆಕ್ಕಿ ನೋಡುವ ರೂಢಿ ನಮ್ಮದು. ಈ ಹನಿ ಸಪ್ಪಗಿತ್ತು. ಸಮುದ್ರದ್ದಲ್ಲ. ತಳ ಒಡೆದಿಲ್ಲ, ಮುಳುಗುವುದಿಲ್ಲ ಎಂದು ಮೊದಲು ಜೀವಕ್ಕೆ ಸಮಾಧಾನವಾಯಿತು. ಆಮೇಲೆ ಸಿಟ್ಟು ಬಂತು. ಹಾಸಿಗೆಯನ್ನು ಎತ್ತಿ ನೋಡಿದರೆ ಕೆಳಗೆ ಹಲಗೆ ಕಪ್ಪಾಗಿತ್ತು, ಅದರ ಕೆಳಗೆ ಒಂದು ಬಕೆಟ್ಟು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ಇಲ್ಲಿ ಮಲಗುವ ಜಾಗವೇ ಒದ್ದೆ.

ಚಿಕ್ಕಮ್ಮನ ಮನೆಯಲ್ಲಿ

ಎಲೇನಿ ಎರಡು ಸಲ ದಿಗ್ಗೇವಾಡಿಗೆ ಬಂದವಳು. ನಮ್ಮವ್ವನ ಮಗ್ಗುಲಲ್ಲಿ ಅಡುಗೆಮನೆಯಲ್ಲಿ ಕೂತು ಕನ್ನಡ ಕಲಿತಿದ್ದಾಳೆ. ನನ್ನನ್ನು ಕಂಡ ಕೂಡಲೇ ಕಾಲು ಮುಟ್ಟಿ, ಎದ್ದು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಎರಡು ದೇಶದ ಪದ್ಧತಿಯೂ ಮುಗಿಯಿತು.

ಅವಳ ಚಿಕ್ಕಮ್ಮ ಊಟಕ್ಕೆ ಕೊಟ್ಟಿದ್ದು ದ್ರಾಕ್ಷಿ ಎಲೆ. ಎಲೆಯೊಳಗೆ ಅನ್ನ ಸುತ್ತಿ ಬೇಯಿಸುತ್ತಾರೆ. ಇಷ್ಟು ವರ್ಷ ದ್ರಾಕ್ಷಿ ಬೆಳೆದರೂ ಎಲೆ ತಿನ್ನಬಹುದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಎಲೆಗೆ ಹೊಡೆಯುವ ಔಷಧಕ್ಕೆ ಆಡು ಕೂಡ ಮುಖ ತಿರುಗಿಸುತ್ತದೆ. ಹುಳಿ ಹುಳಿಯಾಗಿ ರುಚಿಯಾಗಿತ್ತು. ನಾನು ಬಡಿಸಿದಷ್ಟನ್ನೂ ತಿಂದೆ, ಚಿಕ್ಕಮ್ಮ ಮತ್ತಷ್ಟು ಬಡಿಸಿದಳು. ಸಾಕು ಎಂದರೆ ಕೇಳದಿರುವುದರಲ್ಲಿ ಆಕೆ ನಮ್ಮ ಅಥಣಿಯ ಬೀಗರನ್ನು ಮೀರಿಸುತ್ತಾಳೆ.

ಉಡಿ ತುಂಬಿದ ಮೇಲೆ ಎಲೇನಿಯ ಕೈ ಹಿಡಿದು ಕೇಳಿದೆ. "ಏನಾಗೇತಿ ಹೇಳವ್ವಾ ನನಗ."

"ಅಕ್ಕಾ, ರಾತ್ರಿ ನನ್ನ ಕಾಲು ತೋಯ್ತಾವ. ನಾ ಹೇಳ್ತೀನಿ, ನೀರು. ಅವ ಅಂತಾನ, ಏನಿಲ್ಲ. ಹಲಗಿ ಕರಿ ಆಗೇತಿ. ಅವ ಅಂತಾನ, ಏನಿಲ್ಲ. ನಾ ಏಳೂದರೊಳಗ ಬಕೆಟ್ ಖಾಲಿ ಮಾಡಿ ಬರ್ತಾನ. ನನಗ ಗೊತ್ತಿಲ್ಲ ಅಂತ ತಿಳಕೊಂಡಾನ. ಮೂರು ಚಳಿಗಾಲ, ಅಕ್ಕಾ. ಹಾಸಿಗಿ ತೋಯ್ಸಿಕೊಂಡು ಇರಬಹುದು. ಏನಿಲ್ಲ ಅನ್ನಾವನ ಜೋಡಿ ಹೆಂಗ ಇರೂದು?"

ಅವಳ ಕಣ್ಣಲ್ಲಿ ನೀರು ಬಂತು. ಆದರೆ ನನ್ನ ತಲೆ ಒಂದೇ ದಾರಿ ಹಿಡಿದಿತ್ತು.

"ಆ ಸೋರೂದು ನಾ ನಿಂದರಸ್ತೀನಿ. ಒಂದ ಹನಿ ಬೀಳದಂಗ ಮಾಡಿ ನಿನಗ ಫೋನ್ ಮಾಡ್ತೀನಿ. ಆಗ ಬರ್ತಿಯಿಲ್ಲೋ?"

ಅವಳು ಕಣ್ಣೊರೆಸಿಕೊಂಡಳು. ಆಮೇಲೆ, ಬಂದು ನೋಡುತ್ತೇನೆ ಎಂದಳು. ಅಷ್ಟು ಸಿಕ್ಕರೆ ಸಾಕು ಎಂದು ನಾನು ಸೆರಗು ಬಿಗಿದುಕೊಂಡು ಬಂದರಿಗೆ ನಡೆದೆ.

ಗಟ್ಟಿ ಮುದ್ದೆಯ ದಿನ

ಕಂಬಕ್ಕೂ ಮಾಳಿಗೆಯ ತೂತಿಗೂ ನಡುವೆ ಬೆರಳು ಹೋಗುವಷ್ಟು ಸಂದು ಇರುತ್ತದೆ. ಅದರಲ್ಲಿ ಸುತ್ತಲೂ ಬೆಣೆ ಬಡಿದಿರುತ್ತಾರೆ. ಮೇಲೆ ರಬ್ಬರಿನ ಒಂದು ಕೊರಳಪಟ್ಟಿ. ಅದರ ಮೇಲಂಚನ್ನು ಕಂಬಕ್ಕೆ, ಕೆಳಗಿನಂಚನ್ನು ಮಾಳಿಗೆಯ ತೂತಿನ ಸುತ್ತ ಬೋಲ್ಟು ಹಾಕಿ ಕೂರಿಸಿದ ಲೋಹದ ಬಳೆಗೆ ಕ್ಲಿಪ್ಪು ಹಾಕಿ ಬಿಗಿದಿರುತ್ತಾರೆ. ಮಹಾದೇವನ ದೋಣಿಯ ರಬ್ಬರು ಬಿಸಿಲಿಗೆ ಒಣಗಿ ಎಮ್ಮೆಯ ಗೊರಸಿನಂತೆ ಬಿರಿದಿತ್ತು.

"ಇದರಾಗ ಏನೈತಿ? ಪೈಪ್ ಸೋರಿದರ ಏನ ಮಾಡ್ತೀವಿ, ಹಂಗ ಮಾಡೂದು," ಎಂದೆ ನಾನು. ಬೋರಿನ ಪೈಪು ಸೋರಿದರೆ ನಮ್ಮಲ್ಲಿ ಎರಡು ಬಣ್ಣದ ಮುದ್ದೆ ತಂದು, ಕಲಸಿ, ಮೆತ್ತಿಬಿಡುತ್ತೇವೆ. ಕಲ್ಲಾಗುತ್ತದೆ. ಊರಿನ ಅಂಗಡಿಯಲ್ಲಿ ಅಂಥದ್ದೇ ಮುದ್ದೆ ಸಿಕ್ಕಿತು. ಹಳೆಯ ರಬ್ಬರು ಕಿತ್ತು ಪಕ್ಕಕ್ಕಿಟ್ಟು, ಅಕ್ಕ ತಮ್ಮ ಇಬ್ಬರೂ ಕೂತು ಕಂಬದ ಸುತ್ತ ಕಟ್ಟೆ ಕಟ್ಟಿದೆವು. ಬೆರಳಿಗೆ ನೀರು ಹಚ್ಚಿ ನುಣುಪು ಮಾಡಿದೆ. ಬಸವಣ್ಣನ ಗುಡಿಯ ಕಟ್ಟೆಯೂ ಅಷ್ಟು ಚಂದ ಇಲ್ಲ. ಒಣಗಿದ ಮೇಲೆ ನೀರು ಸುರಿದೆವು. ಒಂದು ಹನಿಯೂ ಇಳಿಯಲಿಲ್ಲ. ಮಹಾದೇವ ಎಷ್ಟೋ ದಿನಗಳ ಮೇಲೆ ನಕ್ಕ. ಎಲೇನಿಗೆ ಫೋನ್ ಮಾಡಲೇ ಎಂದು ನಾನು ಫೋನನ್ನೂ ಕೈಗೆ ತೆಗೆದುಕೊಂಡೆ.

ಅಷ್ಟರಲ್ಲಿ ಬಂದರಿನ ಬಾಯಿಗೆ ದೊಡ್ಡ ಹಡಗು ಬಂತು. ಅದರ ಅಲೆ ಒಂದೊಂದೇ ದೋಣಿಯನ್ನು ಎತ್ತಿ ಇಳಿಸುತ್ತ ನಮ್ಮಲ್ಲಿಗೂ ಬಂತು. ಕಂಬ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತುಸು ಅಲುಗಿತು. ಟಕ್ ಎಂದಿತು. ನನ್ನ ಕಟ್ಟೆ ಸುತ್ತಲೂ ಸೀಳಿತ್ತು. ಮತ್ತೆ ನೀರು ಸುರಿದರೆ ಮೊದಲಿಗಿಂತ ಜೋರಾಗಿ ಸೋರಿತು.

ಮಹಾದೇವ ಬಕೆಟ್ಟು ತಂದು ಕಂಬದ ಬುಡಕ್ಕಿಟ್ಟು ಮೇಲಿನ ಬಾಗಿಲು ಎಳೆದುಕೊಂಡ.

"ಬಾಗಲಾ ಯಾಕ ಹಾಕ್ತಿ? ಸೆಕಿ ಆಗಾಕತ್ತೈತಿ."

"ಮಂದಿ ನೋಡ್ತಾರ ಅಕ್ಕಾ. ದೋಣಿ ರಿಪೇರಿ ಮಾಡಾವನ ಮನೀನ ಸೋರತೈತಿ ಅಂದ್ರ ನನ್ನ ಕಡೆ ಯಾರ ಬರ್ತಾರ ಕೆಲಸಕ್ಕ?"

ಮನೆ ಸೋರುವುದನ್ನು ಮಂದಿಗೆ ತೋರಿಸಬಾರದು ಎಂದು ನಾವಿಬ್ಬರೂ ಒಂದೇ ಮನೆಯಲ್ಲಿ ಕಲಿತವರು. ನನ್ನನ್ನು ನೋಡಲು ಸತ್ತಿಯವರು ಬಂದ ದಿನ ದಿಗ್ಗೇವಾಡಿಯಲ್ಲಿ ಜಡಿಮಳೆ. ಬೀಗರು ಕಂಬಳಿಯ ಮೇಲೆ ಕೂತಿದ್ದರು. ಅವರ ಎದುರಿಗೇ ಮಾಳಿಗೆ ಸೋರತೊಡಗಿತು. ಅವ್ವ ಸುಮ್ಮನೆ ಎದ್ದು ಹೋಗಿ ಆ ಹನಿಯ ಕೆಳಗೆ ಕೂತಳು. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಟಪ್ ಟಪ್. ಚಹಾ ಆಗಿ, ಅವಲಕ್ಕಿ ಆಗಿ, ಮಾತುಕತೆ ಮುಗಿಯುವವರೆಗೂ ನಗುತ್ತ ಕೂತೇ ಇದ್ದಳು. ಅವ್ವನ ಆ ಉಪಾಯವನ್ನು ನಾವಿಬ್ಬರೂ ಎಷ್ಟೋ ಸಲ ಹೇಳಿಕೊಂಡು ಹೆಮ್ಮೆಪಟ್ಟಿದ್ದೇವೆ.

ಮನೆಯವರ ಫೋನು

ಆ ಸಂಜೆ ಮನೆಯವರು ಫೋನ್ ಮಾಡಿದರು. ನಾನು ಎಲ್ಲ ಹೇಳಿದೆ.

"ಕಂಬ ಸೋರೂದು ನೋಡಾಕ ಗ್ರೀಸಿಗೆ ಹೋಗಬೇಕಿತ್ತೇನ? ನಮ್ಮ ದನದ ಕೊಟಗಿ ಸೋರಾಕತ್ತೈತಿ, ಇಲ್ಲೇ ನೋಡಬಹುದಿತ್ತ," ಎಂದರು. ಆಮೇಲೆ ಗಂಭೀರವಾಗಿ, "ಬಾಜೂಕಿನವರನ್ನ ಕೇಳಬೇಕಿಲ್ಲ? ಬಂದರಾಗ ಅಷ್ಟು ದೋಣಿ ಅದಾವಂತಿ."

"ಹೆಂಗ ಕೇಳೂದ್ರಿ? ಮನಿ ಸೋರತೈತಿ ಅಂತ ಮಂದಿ ಮುಂದ ಹೇಳೂದಾ?"

ಅವರು ನಕ್ಕರು. "ನಿಮ್ಮ ಮಂದಿ ಬುದ್ಧೀನ ಇಷ್ಟು. ನಿನ್ನ ನೋಡಾಕ ಬಂದಾಗ ನಿಮ್ಮವ್ವ ಹನಿ ಕೆಳಗ ಕುಂತಿದ್ದಳು, ನೆನಪೈತೇನ? ಸೆರಗು ತೋಯ್ದು ನೀರು ಗದ್ದಕ್ಕ ಇಳಿಯಾಕತ್ತಿತ್ತು. ನಾವು ಎಲ್ಲಾರೂ ನೋಡಿದ್ವಿ. ನಮ್ಮಪ್ಪ ನನ್ನ ಕಿವ್ಯಾಗ ಅಂದ, ಆ ಹೆಣ್ಮಗಳನ್ನ ಇನ್ನೂ ತೋಯ್ಸಬಾರದು, ಲಗೂನ ಹೂಂ ಅಂದು ಎದ್ದುಬಿಡೂಣಂತ."

ನಾನು ಫೋನನ್ನು ಕಿವಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಅವ್ವ ಸಾಯುವವರೆಗೂ ಯಾರೂ ನೋಡಲಿಲ್ಲ ಎಂದೇ ನಂಬಿದ್ದಳು. ಅಷ್ಟು ಹೊತ್ತು ಆಕೆ ನೆನೆಯುವ ಅಗತ್ಯವೇ ಇರಲಿಲ್ಲವಲ್ಲ ಎಂದು ನನಗೆ ಅಳು ಬಂತು. ಅತ್ತು ಮುಗಿಸಿ, ಮುಖ ತೊಳೆದು, ನಾನು ಬಾಗಿಲು ತೆರೆದೆ.

ಹಾನಾ

ಪಕ್ಕದ ದೋಣಿಯಲ್ಲಿ ಹಾಲೆಂಡಿನ ಒಬ್ಬ ವಯಸ್ಸಾದ ಹೆಂಗಸು ಒಬ್ಬಳೇ ಇರುತ್ತಾಳೆ. ಹೆಸರು ಹಾನಾ. ಒಂದು ಸಣ್ಣ ಬಟ್ಟಲು ಕಾಫಿಯನ್ನು ಮುಂಜಾನೆಯೆಲ್ಲ ಕುಡಿಯುತ್ತಾಳೆ. ಅಷ್ಟರಲ್ಲಿ ನಮ್ಮಲ್ಲಿ ಒಂದು ಎಕರೆ ಕಳೆ ತೆಗೆದು ಮುಗಿಯುತ್ತದೆ. ಮರುದಿನ ಮುಂಜಾನೆ ಅವಳ ದೋಣಿಯ ಎದುರು ನಿಂತು ನನ್ನ ಬಿ.ಎ. ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮ ಕಂಬ ಸೋರುತ್ತದೆ, ನಮಗೆ ತಿಳಿಯುತ್ತಿಲ್ಲ, ನೋಡುತ್ತೀಯಾ?

ಮಹಾದೇವ ಒಳಗಿನಿಂದ, "ಅಕ್ಕಾ!" ಎಂದು ಕೂಗಿದ.

ಹಾನಾ ಬಟ್ಟಲು ಕೆಳಗಿಟ್ಟು, ಕೊನೆಗೂ ಕೇಳಿದಿರಲ್ಲ ಎಂದಳು. ಇವನು ದಿನಾ ಬೆಳಗಾಗುವ ಮೊದಲೇ ಬಕೆಟ್ಟು ಚೆಲ್ಲುವುದನ್ನು ಅವಳು ನೋಡುತ್ತಲೇ ಇದ್ದಳಂತೆ. ಬಂದರಿನ ಎಲ್ಲರಿಗೂ ಗೊತ್ತಂತೆ. ಮತ್ತೇಕೆ ಯಾರೂ ಹೇಳಲಿಲ್ಲ ಎಂದರೆ, ಅವನು ಬಾಯಿ ಬಿಡದೆ ಅವನ ದೋಣಿಯ ಮಾತು ನಾವು ಹೇಗೆ ಆಡುವುದು ಎಂದಳು. ನಮ್ಮೂರಿನಲ್ಲಾದರೆ ಕೇಳದೆಯೇ ಹತ್ತು ಮಂದಿ ಬಂದು ಹನ್ನೊಂದು ಉಪಾಯ ಹೇಳುತ್ತಿದ್ದರು. ಅದಕ್ಕೆ ಅಂಜಿಯೇ ನಾವು ಬಾಗಿಲು ಹಾಕಿಕೊಳ್ಳುವುದು. ಇಲ್ಲಿ ಎಲ್ಲರೂ ಕಾಯುತ್ತ ಕೂತಿದ್ದರು, ಇವನು ಒಳಗೆ ಬಕೆಟ್ಟು ಹಿಡಿದು ಕೂತಿದ್ದ.

ಕಂಬ ಹೊತ್ತ ದೋಣಿಗಳಲ್ಲಿ ಸೋರದ್ದು ಯಾವುದಿದೆ ಹೇಳು ಎಂದು ಹಾನಾ ತನ್ನದರ ಒಳಗೆ ಕರೆದು ತೋರಿಸಿದಳು. ಅಲ್ಲೂ ಕಂಬದ ಬುಡದಲ್ಲಿ ಹಳೆಯ ಕಲೆ. ನನ್ನ ಕಟ್ಟೆಯನ್ನು ನೋಡಿ ಮಾತ್ರ ಅವಳಿಗೆ ನಗು ತಡೆಯಲಾಗಲಿಲ್ಲ. ಕಂಬ ಅಲುಗಲೇಬೇಕಂತೆ, ಅಲುಗದಂತೆ ಬಿಗಿದರೆ ಒಡೆಯುವುದು ಮಾಳಿಗೆಯೇ. ಚಕ್ಕಡಿಯ ಗಾಲಿಗೆ ಸಡಿಲು ಬೇಕೆಂದು ಗೊತ್ತಿರುವ ನನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಮುದ್ದೆ ಕೆತ್ತಿ ತೆಗೆಯಲು ಒಂದಿಡೀ ದಿನ ಹಿಡಿಯಿತು. ಮಹಾದೇವ ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಉಳಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ ತಾನೇ ಹಾನಾಳನ್ನು ಅದು ಹೇಗೆ, ಇದು ಹೇಗೆ ಎಂದು ಕೇಳತೊಡಗಿದ. ಹಳೆಯ ಕೊರಳಪಟ್ಟಿಯನ್ನೇ ತಾತ್ಕಾಲಿಕವಾಗಿ ಮತ್ತೆ ತೊಡಿಸಿದೆವು, ನೀರು ಯಾವ ದಾರಿಯಿಂದ ಬರುತ್ತಿತ್ತೆಂದು ಹುಡುಕಲು.

ಹಾನಾಳ ನಿಯಮ ಒಂದೇ. ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತ ಹೋಗಬೇಕು. ಮೊದಲೇ ಮೇಲೆ ಸುರಿದರೆ ಎಲ್ಲ ಕಡೆ ಹರಿದು, ಕಳ್ಳ ಯಾರೆಂದು ತಿಳಿಯುವುದಿಲ್ಲ. ಮೊದಲು ಬಳೆಯ ಸುತ್ತಲಿನ ಬೋಲ್ಟು, ಆಮೇಲೆ ಪಟ್ಟಿಯ ಕೆಳಗಿನಂಚು, ಆಮೇಲೆ ಮೇಲಂಚು. ಆದರೂ ಒಳಗೆ ಕೂತವನಿಗೆ ಯಾವ ಹನಿ ಯಾವ ದಾರಿಯದು ಎಂದು ಸಂಶಯವೇ. ಆಗ ನನಗೆ ನನ್ನ ಪೊಟ್ಟಣಗಳ ನೆನಪಾಯಿತು. ಕೃಷಿಹೊಂಡದ ನೀರು ಯಾವ ಕಡೆಯಿಂದ ಜಿನುಗುತ್ತದೆ ಎಂದು ನೋಡಲು ನಾವು ಕುಂಕುಮ ಕದಡಿ ಬಿಡುತ್ತೇವೆ. ಕೆಂಪು ಎಲ್ಲಿ ಹೊರಬಂತೋ ಅಲ್ಲಿ ತೂತು. ಬೋಲ್ಟುಗಳ ಸುತ್ತ ಕುಂಕುಮ ಹಾಕಿದೆ. ಪಟ್ಟಿಯ ಮೇಲಂಚಿನಲ್ಲಿ ಸುತ್ತಲೂ ಅರಿಶಿನ ಹಾಕಿದೆ. ಹಾನಾ ಟೋಪಿ ತೆಗೆದು ಕೈಕಟ್ಟಿ ನಿಂತಳು, ಪೂಜೆ ಎಂದುಕೊಂಡಿದ್ದಳು.

"ಬಿಡ್ರಿ ನೀರು!" ಎಂದು ಮಹಾದೇವ ಒಳಗಿನಿಂದ ಕೂಗಿದ.

ಬೋಲ್ಟಿಗೆ ಬಿಟ್ಟೆವು. ಏನೂ ಇಲ್ಲ. ಕೆಳಗಿನಂಚಿಗೆ ಬಿಟ್ಟೆವು. ಏನೂ ಇಲ್ಲ. ಮೇಲಂಚಿಗೆ, ಕಂಬದ ಹಿಂಬದಿಗೆ ಬಿಟ್ಟ ಕೂಡಲೇ ಒಳಗಿನಿಂದ ಒಂದು ಅಬ್ಬರ ಕೇಳಿತು.

"ಅರಿಷಿಣ! ಅಕ್ಕಾ, ಅರಿಷಿಣ ಬಂತು!"

ಕಂಬದ ಹಿಂಬದಿಯಲ್ಲಿ ಹಾಯಿ ಏರಿಸುವ ಒಂದು ಕಾಲುವೆಯಂಥ ಸೀಳು ತುದಿಯಿಂದ ಬುಡದವರೆಗೆ ಇದೆ. ಕ್ಲಿಪ್ಪು ಎಷ್ಟೇ ಬಿಗಿದರೂ ರಬ್ಬರು ಆ ಸೀಳಿನೊಳಗೆ ಇಳಿಯುವುದಿಲ್ಲ. ನೀರು ಪಟ್ಟಿಯ ಬೆನ್ನ ಹಿಂದಿನಿಂದ ನೆಟ್ಟಗೆ ಮನೆಗೆ ಬರುತ್ತಿತ್ತು. ಮೂರು ಚಳಿಗಾಲ ಇವರ ಹಾಸಿಗೆ ತೋಯಿಸಿದ ಕಳ್ಳ ಸಿಕ್ಕಿಬಿದ್ದಿದ್ದ. ಬೆಳ್ಳನೆಯ ಮಾಳಿಗೆ ಮಾತ್ರ ಅರಿಶಿನದ ಮದುಮಗಳಾಯಿತು, ಎಷ್ಟು ಉಜ್ಜಿದರೂ ಬಿಡಲಿಲ್ಲ.

ಸೀಳಿನಲ್ಲಿ ಮೆತ್ತಗೆ ಉಳಿಯುವ ಅಂಟನ್ನು ತುಂಬಿ, ಅದರ ಮೇಲೆ ರಬ್ಬರಿನ ತುಂಡು ಕೂರಿಸಿದೆವು. ಹೊಸ ಕೊರಳಪಟ್ಟಿ ತರಿಸಲು ವಾರಗಳು ಬೇಕಿತ್ತು. ಮಹಾದೇವ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಟ್ಯೂಬು! ಮೋಟರಿನ ಜೋಡಣೆ ಇರಲಿ, ನೊಗ ಇರಲಿ, ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರಿನ ಹಳೆ ಟ್ಯೂಬಿನ ಪಟ್ಟಿ ಎಳೆದು ಸುತ್ತದೆ ಯಾವ ಕೆಲಸವೂ ಆಗುವುದಿಲ್ಲ. ಊರಿನ ಗ್ಯಾರೇಜಿನಲ್ಲಿ ಲಾರಿಯ ಟ್ಯೂಬು ಸಿಕ್ಕಿತು. ಅದನ್ನು ಕತ್ತರಿಸಿ ಕಂಬಕ್ಕೆ ಲಂಗದ ಹಾಗೆ ತೊಡಿಸಿ, ಮೇಲೆ ಕೆಳಗೆ ಪಟ್ಟಿ ಎಳೆದೆಳೆದು ಸುತ್ತಿ ಕ್ಲಿಪ್ಪು ಹಾಕಿದೆವು. ಬಿಸಿಲು ತಾಗದಂತೆ ಮೇಲೊಂದು ಬಟ್ಟೆ. ಮುಂದಿನ ದೊಡ್ಡ ಹಡಗು ಬಂದಾಗ ಕಂಬ ಅಲುಗಿತು, ಟ್ಯೂಬು ಅದರ ಜೊತೆಗೇ ಅಲುಗಿ ಸುಮ್ಮನಾಯಿತು. ಪೈಪು ಹಿಡಿದು ಎಷ್ಟು ನೀರು ಹೊಡೆದರೂ ಕೆಳಗೆ ಒಣ.

ಮಳೆ

ನಾನು ಹೊರಡುವ ಹಿಂದಿನ ದಿನ ಮೋಡ ಕಟ್ಟಿತು. ಮುಂಜಾನೆಯೇ ಎಲೇನಿಗೆ ಫೋನ್ ಮಾಡಿ, ಇವತ್ತು ಮಳೆ ಬರುತ್ತದೆ, ಒಂದು ಹನಿ ಬೀಳುವುದಿಲ್ಲ, ನಿಂತ ಮೇಲೆ ಬಂದು ನೋಡು, ಇದು ನನ್ನ ಮಾತು ಎಂದಿದ್ದೆ. ಅವಳ ಪೆಟ್ಟಿಗೆ ಅಥೆನ್ಸಿಗೆ ಕಟ್ಟಿ ಸಿದ್ಧವಾಗಿತ್ತು. ಆದರೂ ಹೂಂ ಎಂದಿದ್ದಳು.

ಮಧ್ಯಾಹ್ನ ಮಳೆ ಸುರಿಯತೊಡಗಿತು. ಅದು ನಮ್ಮ ಮಳೆಯಲ್ಲ. ಗಾಳಿಯ ಜೊತೆ ಅಡ್ಡಡ್ಡ ಬಂದು ಬಡಿಯುವ ಮಳೆ. ಅಕ್ಕ ತಮ್ಮ ಇಬ್ಬರೂ ಹಾಸಿಗೆಯ ಅಂಚಿಗೆ ಕೂತು ಕತ್ತೆತ್ತಿ ನೋಡುತ್ತಿದ್ದೆವು. ಕಂಬದ ಸುತ್ತ ಒಣ. ಮಳೆ ಜೋರಾಯಿತು. ಒಣ. ನನ್ನ ಕತ್ತು ನೋಯತೊಡಗಿತು, ಆದರೂ ಇಳಿಸಲಿಲ್ಲ. ಮಹಾದೇವನ ತುಟಿಯಲ್ಲಿ ನಗು ಬರುತ್ತಿತ್ತು.

ಆಗ ಒಂದು ಹನಿ ಬಂತು.

ಮೊದಲಿನ ಜಾಗದಲ್ಲಲ್ಲ. ಕಂಬದೊಳಗಿನಿಂದ ದೀಪದ ವಾಯರು ಹೊರಬರುವ ಸಣ್ಣ ತೂತಿನಲ್ಲಿ. ಸಣ್ಣ ಹನಿ, ಬಹಳ ಹೊತ್ತು ತೆಗೆದುಕೊಂಡು ಬೆಳೆದು ಹಾಸಿಗೆಯ ಮೇಲೆ ಬಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಸೆರಗಿನಿಂದ ಅದನ್ನು ಒರೆಸಿಬಿಟ್ಟಿದ್ದೆ.

"ಆಕಿಗೆ ಹೇಳಬ್ಯಾಡ. ಏನಿಲ್ಲ ಇದು. ಮಳಿ ನಿಂತ ಮ್ಯಾಲ ಬರ್ತಾಳ, ಅಷ್ಟರಾಗ ಒಣಗತೈತಿ. ನಾಳೆ ಇದಕ್ಕೂ ಏನರ ತುಂಬಿದ್ರಾತು."

ಮಹಾದೇವ ನನ್ನ ಸೆರಗನ್ನು ನೋಡಿದ. ಒದ್ದೆಯಾದ ಜಾಗವನ್ನು ನೋಡಿದ. ಅವನ ಮುಖ ಹೇಗಾಯಿತೆಂದರೆ, ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಬ್ಯಾಡಕ್ಕಾ," ಎಂದ. "ಸಾಕು."

ಫೋನು ತೆಗೆದ. ಅವರಿಬ್ಬರೂ ಗ್ರೀಕಿನಲ್ಲಿ, ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಆ ಹೊತ್ತಿನಲ್ಲಿ ಅವನ ಬಾಯಿಗೆ ಬಂದಿದ್ದು ಕನ್ನಡ.

"ಎಲೇನಿ, ಸೋರಾಕತ್ತೈತಿ." ಬೀಳುವ ಹನಿಗೆ ಅಂಗೈ ಒಡ್ಡಿದ. "ಹಾಸಿಗಿ ಮ್ಯಾಲ ಬೀಳಾಕತ್ತೈತಿ. ಒಂದು ಬಂದ್ ಮಾಡಿದ್ವಿ, ಇನ್ನೊಂದು ಬಂದೈತಿ. ಹೆಂಗ ನಿಂದರಸೂದು ಅಂತ ನನಗ ಗೊತ್ತಿಲ್ಲ. ಮೊದಲಿಂದೂ ಗೊತ್ತಿದ್ದಿಲ್ಲ."

ಆ ಕಡೆಯಿಂದ ಫೋನು ಕಟ್ ಆಯಿತು. ಅವನು ಅದನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಕೂತ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅವನನ್ನು ಅಪ್ಪಿಕೊಂಡು ಅಳಬೇಕು ಎಂದೂ ಅನ್ನಿಸಿತು. ಬಂದ ಕೆಲಸ ಕೈಯಾರೆ ಹಾಳಾಯಿತು, ಸತ್ತಿಗೆ ಹೋಗಿ ಏನು ಹೇಳಲಿ ಎಂದು ಯೋಚಿಸುತ್ತ ಒಲೆಯ ಮೇಲೆ ಚಹಾಕ್ಕಿಟ್ಟೆ. ಹನಿ ಬೀಳುತ್ತಲೇ ಇತ್ತು.

ಚಹಾ ಕುದಿ ಬರುವಷ್ಟರಲ್ಲಿ ಮಾಳಿಗೆಯ ಮೇಲೆ ದಡದಡ ಹೆಜ್ಜೆ ಸದ್ದಾಯಿತು. ಬಾಗಿಲು ಸರಿಯಿತು. ಎಲೇನಿ ಮೆಟ್ಟಿಲಿಳಿದು ಬಂದಳು. ಮಳೆ ನಿಲ್ಲುವವರೆಗೆ ಕಾದಿರಲಿಲ್ಲ, ಕೊಡೆಯೂ ಇರಲಿಲ್ಲ. ಕೂದಲಿನಿಂದ, ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. ಕಂಕುಳಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಏನೋ ಒಂದನ್ನು ಗಟ್ಟಿಯಾಗಿ ಅವಚಿಕೊಂಡಿದ್ದಳು.

ಮಹಾದೇವ ಎದ್ದು ನಿಂತ. ಬೆರಳು ತೋರಿಸಿದ. "ಅಲ್ಲಿ," ಎಂದ.

ಅವಳು ಕತ್ತೆತ್ತಿ ಆ ತೂತನ್ನು ನೋಡಿದಳು. ಒಂದು ಹನಿ ಬೀಳುವುದನ್ನು ನಿಂತು ನೋಡಿದಳು. ಅವಳು ಅಳುತ್ತಿದ್ದಳೋ, ಮಳೆಯ ನೀರೋ, ನನಗೆ ತಿಳಿಯಲಿಲ್ಲ. "ಹೌದು," ಎಂದಳು. "ಸೋರತೈತಿ." ಆಮೇಲೆ ಹಾಸಿಗೆಯ ಮೇಲೆ ಕೂತು ಪ್ಲಾಸ್ಟಿಕ್ಕು ಬಿಚ್ಚಿದಳು. ಒಳಗೆ ಅವಳ ತಲೆದಿಂಬು ಇತ್ತು. ಅದನ್ನು ಅವನ ದಿಂಬಿನ ಪಕ್ಕಕ್ಕಿಟ್ಟು ಕೈಯಿಂದ ತಟ್ಟಿ ಸರಿಮಾಡಿದಳು. ಅದರ ಅಂಚಿನ ಮೇಲೊಂದು ಹನಿ ಬಿತ್ತು. ಯಾರೂ ಒರೆಸಲಿಲ್ಲ.